ಮುಚ್ಚಿದ ಹೊಟೇಲಿನ ಲೆಕ್ಕ ಯಾರ ಹೆಸರಿಗೆ?

2020ರ ಮೇ 18ರಂದು ಕರ್ನಾಟಕ ಸರಕಾರ ಮಹಾರಾಷ್ಟ್ರ, ಗುಜರಾತ್, ತಮಿಳುನಾಡು ಮತ್ತು ಕೇರಳದಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲ ಎಂದು ಪ್ರಕಟಿಸಿತು. ಆ ಹೊತ್ತಿಗೆ ಮುಂಬೈಯ ಹೊಟೇಲುಗಳಲ್ಲಿ ಮೇಜು ಖಾಲಿಯಾಗಿ ಎರಡು ತಿಂಗಳು ತುಂಬುತ್ತ ಬಂದಿತ್ತು. ಕುರ್ಲಾದಲ್ಲೋ ಘಾಟ್‌ಕೋಪರ್‌ನಲ್ಲೋ ಸಪ್ಲಯರ್ ಆಗಿದ್ದ ಕುಂದಾಪುರದ ಹುಡುಗನಿಗೆ ಒಂದು ಸರಕಾರ ಕೆಲಸ ಮಾಡಬೇಡ ಎಂದಿತ್ತು, ಇನ್ನೊಂದು ಮನೆಗೆ ಬರಬೇಡ ಎಂದಿತು. ಎರಡೂ ಆದೇಶಗಳ ಹಿಂದೆ ಸಾರ್ವಜನಿಕ ಆರೋಗ್ಯದ ಕಾರಣವಿತ್ತು. ಬಿಡಿಬಿಡಿಯಾಗಿ ಓದಿದರೆ ಎರಡನ್ನೂ ಸಮರ್ಥಿಸಬಹುದಿತ್ತು. ಆದರೆ ಅವೆರಡೂ ಬಂದು ಬಿದ್ದದ್ದು ಒಬ್ಬನೇ ಮನುಷ್ಯನ ತಲೆಯ ಮೇಲೆ. ಅವನು ಎಲ್ಲಿ ಮಲಗಬೇಕು, ಏನು ತಿನ್ನಬೇಕು, ಅದು ಯಾರ ಹೊಣೆ ಎಂಬುದು ಎರಡೂ ಕಡೆ ಇತ್ಯರ್ಥವಾಗಿರಲಿಲ್ಲ.

ಇದನ್ನು ಈಗ ಕೆದಕಲು ಕಾರಣವಿದೆ. 2025ರ ಮೇ 20ರಂದು ಜಿನೀವಾದಲ್ಲಿ ವಿಶ್ವ ಆರೋಗ್ಯ ಸಭೆ ಸಾಂಕ್ರಾಮಿಕ ಒಪ್ಪಂದವನ್ನು ಅಂಗೀಕರಿಸಿತು. ಲಾಕ್‌ಡೌನ್ ಹೇರಲು, ಪ್ರಯಾಣ ನಿಷೇಧಿಸಲು, ಲಸಿಕೆ ಕಡ್ಡಾಯ ಮಾಡಲು ಯಾವ ದೇಶಕ್ಕೂ ವಿಶ್ವ ಆರೋಗ್ಯ ಸಂಸ್ಥೆ ಅಪ್ಪಣೆ ಕೊಡುವಂತಿಲ್ಲ ಎಂದು ಆ ಒಪ್ಪಂದದಲ್ಲೇ ಬರೆದಿದೆ. ಅಂದರೆ ಮುಂದಿನ ಸಲವೂ ಬಾಗಿಲು ಮುಚ್ಚಿಸುವ ತೀರ್ಮಾನ ದಿಲ್ಲಿಯಲ್ಲಿ, ಮಹಾರಾಷ್ಟ್ರ ಸರಕಾರ ಕೂರುವ ಮುಂಬೈಯ ಮಂತ್ರಾಲಯದಲ್ಲಿ, ವಿಧಾನಸೌಧದಲ್ಲಿ, ಮುಂಬೈ ಮಹಾನಗರಪಾಲಿಕೆಯ ಕಚೇರಿಯಲ್ಲೇ ಆಗುತ್ತದೆ. ಸಿದ್ಧತೆಯ ಮಾತು ಬಂದಾಗಲೆಲ್ಲ ಆಕ್ಸಿಜನ್, ಪ್ರಯೋಗಾಲಯ, ಲಸಿಕೆಗಳ ಹೆಸರು ಕೇಳುತ್ತೇವೆ. ಮುಚ್ಚಿದ ಅಂಗಡಿಯೊಳಗಿನವನ ಸಂಬಳದ ಹೆಸರು ಆ ಪಟ್ಟಿಯಲ್ಲಿ ಕೇಳಿಸುವುದಿಲ್ಲ. ಮುಚ್ಚಬೇಕು ಎನ್ನುವ ಆದೇಶವೂ, ಅದರಿಂದ ಕೆಲಸ ಕಳೆದುಕೊಳ್ಳುವವನ ಹೊಟ್ಟೆಯ ಏರ್ಪಾಡೂ ಒಂದೇ ದಿನ, ಒಂದೇ ಕಾಗದದಲ್ಲಿ ಬರಬೇಕು ಎಂಬುದು ನನ್ನ ವಾದ. ಇದನ್ನು ದಯೆ ತೋರಿಸಿ ಎಂದು ಕೇಳುತ್ತಿಲ್ಲ. ಹಾಗೆ ಮಾಡದಿದ್ದರೆ ಆರೋಗ್ಯದ ಉದ್ದೇಶವೇ ಕೈಗೂಡುವುದಿಲ್ಲ ಎಂಬುದಕ್ಕೆ ಮುಂಬೈಯೇ ಸಾಕ್ಷಿ.

ತಕ್ಕಡಿಯಲ್ಲಿ ಏನೇನು ಇಟ್ಟೆವು

2020ರ ಮಾರ್ಚ್ 24ರ ರಾತ್ರಿ ಪ್ರಧಾನಿ ಲಾಕ್‌ಡೌನ್ ಘೋಷಿಸಿದಾಗ 'ಜಾನ್ ಹೈ ತೊ ಜಹಾನ್ ಹೈ' ಎಂದರು. ಜೀವವಿದ್ದರೆ ತಾನೆ ಜಗತ್ತು. ಏಪ್ರಿಲ್ 11ರ ಹೊತ್ತಿಗೆ ಅದು 'ಜಾನ್ ಭೀ, ಜಹಾನ್ ಭೀ' ಆಯಿತು. ನಮ್ಮ ಮನೆ, ಸಂಘ, ವಾಟ್ಸ್ಆ್ಯಪ್ ಗುಂಪುಗಳ ಚರ್ಚೆಯೂ ಈ ಎರಡು ಮಾತುಗಳ ನಡುವೆಯೇ ಓಲಾಡಿತು. ಒಂದು ತಟ್ಟೆಯಲ್ಲಿ ಪ್ರಾಣ, ಇನ್ನೊಂದರಲ್ಲಿ ದುಡ್ಡು ಇಟ್ಟು ಯಾವುದು ಭಾರ ಎಂದು ನೋಡಿದಂತೆ.

ಆದರೆ ರೋಗದ ಭಯವೇ ವ್ಯಾಪಾರ ಮುರಿಯುತ್ತದೆ, ಸರಕಾರದ ಆದೇಶ ಬರಲಿ ಬಿಡಲಿ. ಅಮೆರಿಕದಲ್ಲಿ ಆಸ್ಟನ್ ಗೂಲ್ಸ್‌ಬಿ ಮತ್ತು ಚಾಡ್ ಸೈವರ್ಸನ್ ಎಂಬ ಅರ್ಥಶಾಸ್ತ್ರಜ್ಞರು ಮೊಬೈಲ್ ದತ್ತಾಂಶದಿಂದ ಅಂಗಡಿಗಳಿಗೆ ಹೋಗುವವರ ಲೆಕ್ಕ ತೆಗೆದರು. ಗಿರಾಕಿಗಳ ಓಡಾಟ ಶೇ. 60ರಷ್ಟು ಇಳಿದಿತ್ತು. ಆ 60ರಲ್ಲಿ ಸರಕಾರಿ ನಿರ್ಬಂಧದ ಪಾಲು ಕೇವಲ 7. ಉಳಿದದ್ದು ಜನ ತಾವಾಗಿ ಹೆದರಿ ಮನೆಯಲ್ಲಿ ಕುಳಿತದ್ದು. ಕಟ್ಟುನಿಟ್ಟು ಮಾಡಿದ ಡೆನ್ಮಾರ್ಕ್‌ನಲ್ಲಿ ಜನರ ಖರ್ಚು ಸುಮಾರು ಶೇ. 29ರಷ್ಟು ಇಳಿದರೆ, ಬಹುಪಾಲು ತೆರೆದೇ ಇದ್ದ ಸ್ವೀಡನ್‌ನಲ್ಲಿ ಸುಮಾರು ಶೇ. 25ರಷ್ಟು ಇಳಿಯಿತು. ಹಾಗಾಗಿ 'ಲಾಕ್‌ಡೌನ್ ಮಾಡದಿದ್ದರೆ ವ್ಯಾಪಾರ ಉಳಿಯುತ್ತಿತ್ತು' ಎನ್ನುವವರ ಮಾತು ಅರ್ಧಸತ್ಯ. ಹೊಟೇಲು ತೆರೆದಿದ್ದರೂ ಆ ಏಪ್ರಿಲ್‌ನಲ್ಲಿ ದಾದರ್‌ನ ಯಾವ ಸಂಸಾರ ಮಸಾಲೆದೋಸೆ ತಿನ್ನಲು ಬರುತ್ತಿತ್ತು?

ಇಲ್ಲೊಂದು ತೊಡಕಿದೆ. ಭಯಪಟ್ಟು ಮನೆಯಲ್ಲಿ ಕೂರಲು ಮೊದಲು ಮನೆ ಬೇಕು, ಕೂತರೂ ಬರುವ ಸಂಬಳ ಬೇಕು. ಆ ಅಧ್ಯಯನಗಳು ನಡೆದ ಸಮಾಜಗಳಿಗೂ ಮುಂಬೈಗೂ ಇರುವ ದೂರ ಅದು. 2020ರ ಜುಲೈಯಲ್ಲಿ ಪಾಲಿಕೆ, ನೀತಿ ಆಯೋಗ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿ ನಗರದ ಮೂರು ವಾರ್ಡುಗಳಲ್ಲಿ ರಕ್ತ ಪರೀಕ್ಷೆ ಮಾಡಿದವು. ಕೊಳೆಗೇರಿ ನಿವಾಸಿಗಳಲ್ಲಿ ಶೇ. 57 ಮಂದಿಗೆ ಆಗಲೇ ಸೋಂಕು ತಗಲಿ ಹೋಗಿತ್ತು. ಅದೇ ವಾರ್ಡುಗಳ ಕಟ್ಟಡ, ಸೊಸೈಟಿಗಳಲ್ಲಿದ್ದವರಲ್ಲಿ ಶೇ. 16. ದೇಶದ ಅತಿ ಕಠಿಣ ಲಾಕ್‌ಡೌನ್‌ನಲ್ಲಿ ಮೂರು ತಿಂಗಳು ಕಳೆದ ಮೇಲಿನ ಅಂಕಿ ಇದು!

ಈ ಎರಡು ಸಂಖ್ಯೆಗಳನ್ನು ನಾನು ಬಹಳ ಸಲ ನೋಡಿದ್ದೇನೆ, ಪ್ರತಿ ಸಲವೂ ಮನಸ್ಸು ಕಹಿಯಾಗುತ್ತದೆ. ಲಾಕ್‌ಡೌನ್ ರಕ್ಷಣೆ ಕೊಟ್ಟಿತು, ನಿಜ. ಆದರೆ ಬಾಗಿಲು ಹಾಕಿಕೊಳ್ಳಲು ಸ್ವಂತ ಕೋಣೆ, ಸ್ವಂತ ಶೌಚಾಲಯ ಇದ್ದವರಿಗೆ. ಹತ್ತು ಅಡಿ ಕೋಣೆಯಲ್ಲಿ ಆರು ಮಂದಿ ಇರುವಲ್ಲಿ, ಬೆಳಿಗ್ಗೆ ಸಾರ್ವಜನಿಕ ಶೌಚಾಲಯದ ಸಾಲಿನಲ್ಲಿ ನಿಲ್ಲಲೇಬೇಕಾದಲ್ಲಿ, 'ಮನೆಯಲ್ಲೇ ಇರಿ' ಎಂದರೆ ಸೋಂಕಿನ ಜೊತೆಗೇ ಇರಿ ಎಂದಂತಾಯಿತು. ಅದೇ ಜನರ ದಿನಗೂಲಿಯೂ ನಿಂತಿತು. ಕೂಲಿಯನ್ನೂ ಕಳೆದುಕೊಂಡು ಸೋಂಕನ್ನೂ ಹೊತ್ತವರಿಗೆ ಈ ತಕ್ಕಡಿಯ ಯಾವ ತಟ್ಟೆಯಿಂದ ಏನು ಸಿಕ್ಕಿತು?

ಕೆಲಸ ಹೋದರೆ ಹಾಸಿಗೆಯೂ ಹೋಯಿತು

ಮುಂಬೈ ಕನ್ನಡಿಗರ ಮಟ್ಟಿಗೆ ಈ ವಿಷಯ ಬಂದು ನಿಲ್ಲುವುದು ಹೊಟೇಲಿನಲ್ಲಿ. ಉಡುಪಿ, ದಕ್ಷಿಣ ಕನ್ನಡದಿಂದ ಬಂದವರು ಫೋರ್ಟ್‌ನಿಂದ ಹಿಡಿದು ವಸಾಯಿ, ಡೊಂಬಿವಲಿಯವರೆಗೆ ಕಟ್ಟಿದ ಈ ಉದ್ಯಮ ಹೇಗೆ ನಡೆಯುತ್ತದೆ ಎಂದು ತಿಳಿಯದೆ ನಿರ್ಬಂಧದ ಬೆಲೆ ಅಳೆಯಲಾಗದು.

ಹೊಟೇಲು ಬರೀ ಕೆಲಸದ ಜಾಗವಾಗಿ ಬೆಳೆಯಲಿಲ್ಲ. ಭಟ್ರು, ಸಪ್ಲಯರ್, ಕ್ಲೀನರ್, ಮೋರಿಯಲ್ಲಿ ಪಾತ್ರೆ ತೊಳೆಯುವವನು, ಹೆಚ್ಚಿನವರಿಗೆ ಊಟ ಅಲ್ಲೇ, ಮಲಗುವುದೂ ಅಲ್ಲೇ. ಅಡುಗೆಕೋಣೆಯ ಮೇಲಿನ ಅಟ್ಟ, ಅಥವಾ ಧಣಿ ಪಕ್ಕದ ಗಲ್ಲಿಯಲ್ಲಿ ಹಿಡಿದ ಒಂದು ಕೋಣೆ. ಸಂಬಳ ಸಣ್ಣದಾದರೂ ಅದರ ಬಹುಭಾಗ ಊರಿಗೆ ಹೋಗಲು ಸಾಧ್ಯವಾಗುವುದೇ ಊಟ, ವಸತಿ ಅದರೊಳಗೆ ಸೇರಿರುವುದರಿಂದ. ಇಂಥ ಹೊಟೇಲು ಮುಚ್ಚಿದ ದಿನ ಕೆಲಸಗಾರನ ಆದಾಯ, ಅನ್ನ, ಹಾಸಿಗೆ ಮೂರೂ ಒಟ್ಟಿಗೆ ಅಲುಗಾಡಿದವು. ಮನೆಯಿಂದ ಲ್ಯಾಪ್‌ಟಾಪಿನಲ್ಲಿ ದುಡಿದವರಿಗೆ ಈ ಮೂರರಲ್ಲಿ ಒಂದೂ ತಪ್ಪಲಿಲ್ಲ.

ಧಣಿಯ ಕಡೆಯ ಲೆಕ್ಕವೂ ಬೇರೆಯೇ ಇದೆ. ಹೊರಗೆ ಹಾಕಿದ ಹೆಸರಿನ ಹಲಗೆ ನೋಡಿ 'ಶೆಟ್ಟರದ್ದು, ದುಡ್ಡಿದೆ' ಎಂದುಕೊಳ್ಳುವವರಿಗೆ ಕಂಡಕ್ಟಿಂಗ್ ಪದ್ಧತಿ ಗೊತ್ತಿರುವುದಿಲ್ಲ. ಲೈಸೆನ್ಸ್ ಮತ್ತು ಗಾಲಾ, ಅಂದರೆ ಅಂಗಡಿಯ ಜಾಗ, ಒಬ್ಬರ ಹೆಸರಿನಲ್ಲಿ, ನಡೆಸುವವರು ಇನ್ನೊಬ್ಬರು. ಠೇವಣಿ ಕೊಟ್ಟು, ತಿಂಗಳು ತಿಂಗಳು ಇಷ್ಟೆಂದು ಕಟ್ಟಿ, ಉಳಿದದ್ದು ತಮಗೆ. ಗಿರಾಕಿ ಬರಲಿ ಬಿಡಲಿ, ಆ ತಿಂಗಳ ಮೊತ್ತ, ವಿದ್ಯುತ್ತಿನ ನಿಗದಿತ ಶುಲ್ಕ, ಲೈಸೆನ್ಸ್ ಶುಲ್ಕ ನಿಲ್ಲುವುದಿಲ್ಲ. ಪಾರ್ಸೆಲ್ ನಡೆಸಬಹುದಿತ್ತು, ನಿಜ. ಆದರೆ ಚಹಾ, ಇಡ್ಲಿ, ರೈಸ್ ಪ್ಲೇಟಿನ ಮೇಲೆ ನಿಂತ, ಕಚೇರಿಗೆ ಹೋಗುವವರನ್ನೇ ನಂಬಿದ ಹೊಟೇಲಿಗೆ ಪಾರ್ಸೆಲಿನಿಂದ ಬಾಡಿಗೆ ಹುಟ್ಟುವುದಿಲ್ಲ. ಕಚೇರಿಯೇ ಮುಚ್ಚಿದ ಮೇಲೆ ಪಾರ್ಸೆಲ್ ತರಿಸುವವರು ಯಾರು?

ಇನ್ನು ಸರಕಾರ ಮಾಡಿದ್ದನ್ನು ನೋಡೋಣ. ಕೇಂದ್ರ ಗೃಹ ಇಲಾಖೆ 2020ರ ಮಾರ್ಚ್ 29ರಂದು ಒಂದು ಆದೇಶ ಹೊರಡಿಸಿತು: ಮುಚ್ಚಿದ ಅವಧಿಗೂ ಮಾಲಕರು ಕೆಲಸಗಾರರಿಗೆ ಪೂರ್ತಿ ಸಂಬಳ ಕೊಡಬೇಕು, ಬಾಡಿಗೆ ಮನೆಯ ವಲಸೆ ಕಾರ್ಮಿಕರಿಂದ ಮನೆ ಮಾಲಕರು ಒಂದು ತಿಂಗಳು ಬಾಡಿಗೆ ಕೇಳಬಾರದು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಮುಚ್ಚಿಸಿದ್ದು ಸರಕಾರ, ಮುಚ್ಚಿದ್ದರ ಲಾಭ ಇಡೀ ನಗರಕ್ಕೆ, ಲೆಕ್ಕ ಮಾತ್ರ ಗಲ್ಲಾಪೆಟ್ಟಿಗೆ ಖಾಲಿಯಾದವನ ಹೆಸರಿಗೆ. ಆ ಆದೇಶ ಮೇ 18ರಿಂದ ಬಿದ್ದುಹೋಯಿತು. ಜೂನ್ 12ರಂದು ಸುಪ್ರೀಂ ಕೋರ್ಟ್ ಮಾಲಕರೂ ಕಾರ್ಮಿಕರೂ ಮಾತಾಡಿ ಬಗೆಹರಿಸಿಕೊಳ್ಳಿ ಎಂದಿತು. ಅಟ್ಟದ ಮೇಲೆ ಮಲಗುವ ಹುಡುಗ ತನ್ನ ಧಣಿಯ ಎದುರು ಕೂತು ಯಾವ ಬಲದ ಮೇಲೆ ಮಾತಾಡಬೇಕಿತ್ತು? ಎಷ್ಟೋ ಕಡೆ ಧಣಿಗಳು ಅಕ್ಕಿ, ಬೇಳೆ ಹಾಕಿ ತಿಂಗಳುಗಟ್ಟಲೆ ಹುಡುಗರನ್ನು ಸಾಕಿದರು, ಬಂಟರು, ಬಿಲ್ಲವರು, ಮೊಗವೀರರ ಸಂಘಸಂಸ್ಥೆಗಳು ಕಿಟ್ ಹಂಚಿದವು. ಅದನ್ನು ಕೃತಜ್ಞತೆಯಿಂದಲೇ ನೆನೆಯುತ್ತೇನೆ. ಆದರೆ ಒಳ್ಳೆಯ ಧಣಿ ಸಿಕ್ಕವನು ಉಂಡ, ಸಿಗದವನು ಹಸಿದ ಎನ್ನುವುದು ಸಾರ್ವಜನಿಕ ನೀತಿಯಾಗಲಾರದು.

ಎರಡನೇ ಅಲೆಯಲ್ಲಿ ಇನ್ನೂ ಸ್ಪಷ್ಟವಾಗಿ ಕಂಡಿತು. 2021ರ ಏಪ್ರಿಲ್ 14ರಿಂದ ಮಹಾರಾಷ್ಟ್ರ 'ಬ್ರೇಕ್ ದ ಚೈನ್' ನಿರ್ಬಂಧ ಬಿಗಿಮಾಡಿತು. ಹೊಟೇಲುಗಳಿಗೆ ಮತ್ತೆ ಪಾರ್ಸೆಲ್ ಮಾತ್ರ. ಈ ಸಲ ಸರಕಾರ ಆದೇಶದ ಜೊತೆಗೇ 5,476 ಕೋಟಿ ರೂಪಾಯಿಯ ನೆರವನ್ನೂ ಹೇಳಿತು, ಅದು ಹಿಂದಿನ ವರ್ಷಕ್ಕಿಂತ ದೊಡ್ಡ ಸುಧಾರಣೆ. ನೋಂದಾಯಿತ ಕಟ್ಟಡ ಕಾರ್ಮಿಕರಿಗೆ, ಪರ್ಮಿಟ್ ಇರುವ ರಿಕ್ಷಾ ಚಾಲಕರಿಗೆ, ಪರವಾನಗಿಯ ಬೀದಿ ವ್ಯಾಪಾರಿಗಳಿಗೆ 1,500 ರೂಪಾಯಿ. ಸರಕಾರದ ಅಗ್ಗದ ಊಟವಾದ ಶಿವಭೋಜನ ಥಾಲಿ ಉಚಿತ. ಹೆಸರು ಹಿಡಿದು ಮುಚ್ಚಿಸಿದ ಉದ್ಯಮಗಳಲ್ಲಿ ಹೊಟೇಲು ಮೊದಲ ಸಾಲಿನಲ್ಲಿತ್ತು. ನೆರವಿನ ಪಟ್ಟಿಯಲ್ಲಿ ಹೊಟೇಲು ಕಾರ್ಮಿಕ ಇರಲಿಲ್ಲ.

ಧಾರಾವಿ ಕಲಿಸಿದ್ದು

2020ರ ಏಪ್ರಿಲ್ 1ರಂದು ಧಾರಾವಿಯಲ್ಲಿ ಮೊದಲ ಪ್ರಕರಣ ಸಿಕ್ಕಾಗ ಎಲ್ಲರೂ ಕೈಚೆಲ್ಲಿದ್ದರು. ಎರಡೂವರೆ ಚದರ ಕಿಲೋಮೀಟರಿನೊಳಗೆ ಸುಮಾರು ಎಂಟೂವರೆ ಲಕ್ಷ ಜನ, ಅವರಲ್ಲಿ ಶೇ. 80ರಷ್ಟು ಮಂದಿ ಸುಮಾರು 450 ಸಾರ್ವಜನಿಕ ಶೌಚಾಲಯಗಳನ್ನು ನೆಚ್ಚಿಕೊಂಡವರು. ತಮಿಳು, ಮರಾಠಿ, ಹಿಂದಿ, ಕನ್ನಡ ಎಲ್ಲವೂ ಒಂದೇ ಗಲ್ಲಿಯಲ್ಲಿ ಕೇಳುವ ಊರು. ಇಲ್ಲಿ ಅಂತರ ಕಾಯಿರಿ ಎನ್ನುವುದರಲ್ಲಿ ಅರ್ಥವಿರಲಿಲ್ಲ. ಧಾರಾವಿ ಸೇರಿರುವ ಪಾಲಿಕೆಯ ಜಿ ನಾರ್ತ್ ವಾರ್ಡಿನ ಅಧಿಕಾರಿಗಳು ದಾರಿ ಬದಲಿಸಿದರು. ರೋಗಿ ಬರುವವರೆಗೆ ಕಾಯದೆ ರೋಗವನ್ನೇ ಹುಡುಕಿ ಹೋಗುವುದು. ಸ್ಥಳೀಯ ಖಾಸಗಿ ವೈದ್ಯರು ಮನೆಮನೆ ಸುತ್ತಿದರು, ಜ್ವರದ ಶಿಬಿರಗಳು ನಡೆದವು, ಶೌಚಾಲಯಗಳನ್ನು ದಿನಕ್ಕೆ ಹಲವು ಸಲ ತೊಳೆದರು. ಶಂಕಿತರನ್ನು ಶಾಲೆ, ಕ್ರೀಡಾ ಸಂಕೀರ್ಣಗಳಲ್ಲಿ ಇರಿಸಿದರು. ಪ್ರಕರಣಗಳು ಇಮ್ಮಡಿಯಾಗಲು ಏಪ್ರಿಲ್‌ನಲ್ಲಿ 18 ದಿನ ಸಾಕಾಗುತ್ತಿತ್ತು, ಜೂನ್‌ನಲ್ಲಿ 78 ದಿನ ಬೇಕಾಯಿತು. ಜುಲೈ 10ರಂದು ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥರು ಧಾರಾವಿಯ ಹೆಸರೆತ್ತಿ ಮೆಚ್ಚಿದರು.

ಈ ಕತೆಯನ್ನು ಹೇಳುವವರು ಒಂದು ಅಂಶವನ್ನು ಹಾರಿಸಿಬಿಡುತ್ತಾರೆ. ಕ್ವಾರಂಟೈನ್‌ಗೆ ಹೋದವರಿಗೆ ಅಲ್ಲಿ ಊಟ ಸಿಗುತ್ತಿತ್ತು, ವೈದ್ಯರಿದ್ದರು, ಶೌಚಾಲಯ ಮನೆಗಿಂತ ಹತ್ತಿರವಿತ್ತು. ಮನೆಯವರಿಗೂ ಸ್ವಯಂಸೇವಕರಿಂದ, ಪಾಲಿಕೆಯಿಂದ ಆಹಾರದ ಪೊಟ್ಟಣ ಬರುತ್ತಿತ್ತು. ಹಾಗಾಗಿಯೇ ಜನ ಹೋದರು. 'ಜ್ವರ ಇದೆ' ಎಂದು ಬಾಯಿಬಿಟ್ಟು ಹೇಳಿದರೆ ಏನು ಕಳೆದುಕೊಳ್ಳುತ್ತೇನೆ ಎಂಬ ಲೆಕ್ಕ ಬಡವನ ಮನಸ್ಸಿನಲ್ಲಿ ಮೊದಲು ಓಡುತ್ತದೆ. ಕಳೆದುಕೊಳ್ಳುವುದು ಕಡಿಮೆಯಾದರೆ ಜ್ವರ ಹೊರಬರುತ್ತದೆ. ಸೋಂಕಿನ ಸರಪಳಿ ಕಡಿಯುವುದು ಅಲ್ಲಿ.

ಧಾರಾವಿಯಲ್ಲಿ ಸೋಂಕು ಇಳಿದದ್ದಕ್ಕೆ ಇದೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಜುಲೈಯ ರಕ್ತ ಪರೀಕ್ಷೆ ನಡೆದದ್ದು ಬೇರೆ ವಾರ್ಡುಗಳಲ್ಲಿ, ಆದರೂ ಕೊಳೆಗೇರಿಗಳಲ್ಲಿ ಅಷ್ಟೊಂದು ಮಂದಿಗೆ ಸೋಂಕು ಬಂದು ಹೋಗಿದ್ದರೆ ಅದೂ ಇಳಿಕೆಗೆ ಕಾರಣವಾಗಿರಬಹುದು. ಅಲ್ಲಿನ ಜನಸಂಖ್ಯೆ ಕಿರಿಯ ವಯಸ್ಸಿನದು. ಊರಿಗೆ ಹೋದವರೂ ಬಹಳ. ಇಷ್ಟೆಲ್ಲ ಕಳೆದ ಮೇಲೂ ಊಟ ಕೊಟ್ಟು ಪ್ರತ್ಯೇಕಿಸುವ ಕ್ರಮ, ಊಟ ಕೊಡದೆ ಮುಚ್ಚಿಸುವ ಕ್ರಮಕ್ಕಿಂತ ಅಗ್ಗವೂ ಹೌದು, ಫಲವೂ ಹೆಚ್ಚು ಎಂಬುದು ನನಗೆ ಖಚಿತ. ಅದಕ್ಕೆ ದುಡಿಮೆ ಮಾತ್ರ ಹೆಚ್ಚು ಬೇಕು. ಮುಚ್ಚಿಸಲು ಒಂದು ಸಹಿ ಸಾಕು.

ಲೋಕಲ್ ರೈಲು ಮತ್ತು ನಿಪ್ಪಾಣಿಯ ನಾಕಾ

ಸಾಂಕ್ರಾಮಿಕಕ್ಕೆ ಮೊದಲು ದಿನಕ್ಕೆ ಎಪ್ಪತ್ತೈದು ಲಕ್ಷಕ್ಕೂ ಹೆಚ್ಚು ಮಂದಿ ಏರಿಳಿಯುತ್ತಿದ್ದ ಲೋಕಲ್ ರೈಲು 2020ರ ಮಾರ್ಚ್‌ನಲ್ಲಿ ನಿಂತಿತು. ಜೂನ್ 15ರಿಂದ ಅಗತ್ಯ ಸೇವೆಯವರಿಗೆ, ಅಕ್ಟೋಬರ್‌ನಲ್ಲಿ ಮಹಿಳೆಯರಿಗೆ, 2021ರ ಫೆಬ್ರವರಿ 1ರಿಂದ ಹೊತ್ತು ನಿಗದಿ ಮಾಡಿ ಎಲ್ಲರಿಗೆ ತೆರೆಯಿತು. ಏಪ್ರಿಲ್‌ನಲ್ಲಿ ಮತ್ತೆ ಬಾಗಿಲು ಹಾಕಿತು. ಒಬ್ಬರ ಉಸಿರು ಇನ್ನೊಬ್ಬರ ಕುತ್ತಿಗೆಗೆ ತಾಗುವ ಆ ಡಬ್ಬಿಯನ್ನು ನಿಲ್ಲಿಸಿದ್ದು ಮೊದಲ ತಿಂಗಳುಗಳಲ್ಲಿ ಸರಿಯೇ. ಆದರೆ ಕೆಲಸದ ಜಾಗಗಳನ್ನು ಹಂತಹಂತವಾಗಿ ತೆರೆದು ರೈಲನ್ನು ಮಾತ್ರ ಮುಚ್ಚಿಯೇ ಇಟ್ಟರೆ ಗುಂಪು ಕರಗುವುದಿಲ್ಲ, ಬಸ್ಸಿಗೆ ವರ್ಗವಾಗುತ್ತದೆ. ನಾಲಾಸೋಪಾರಾದಿಂದ, ಕಲ್ಯಾಣದಿಂದ ಬರುವವರು ತುಂಬಿದ ಬಸ್ಸುಗಳಲ್ಲಿ ಗಂಟೆಗಟ್ಟಲೆ ನಿಂತರು. ತಿಂಗಳ ಪಾಸಿನ ಕೆಲವು ನೂರು ರೂಪಾಯಿಯಲ್ಲಿ ಮುಗಿಯುತ್ತಿದ್ದ ಪ್ರಯಾಣಕ್ಕೆ ಅದರ ಹಲವು ಪಟ್ಟು ತೆತ್ತರು.

2021ರ ಆಗಸ್ಟ್ 15ರಿಂದ ಎರಡೂ ಡೋಸ್ ಪಡೆದು 14 ದಿನ ಕಳೆದವರಿಗೆ ರೈಲು ಎಂದಾಯಿತು. ಕೇಳಲು ವೈಜ್ಞಾನಿಕ. ಆದರೆ 18 ದಾಟಿದ ಎಲ್ಲರಿಗೂ ಉಚಿತ ಲಸಿಕೆ ಎಂಬ ಕೇಂದ್ರದ ನೀತಿ ಜಾರಿಯಾದದ್ದು ಜೂನ್ 21ರಿಂದ, ಕೋವಿಶೀಲ್ಡ್‌ನ ಎರಡು ಡೋಸ್ ನಡುವೆ ಕನಿಷ್ಠ 84 ದಿನ ಬೇಕಿತ್ತು. ದುಡ್ಡು ಕೊಟ್ಟು ಖಾಸಗಿ ಆಸ್ಪತ್ರೆಯಲ್ಲಿ ಮೊದಲೇ ಹಾಕಿಸಿಕೊಳ್ಳಲಾರದ ಯುವಕನೊಬ್ಬ ಸಿಕ್ಕ ಮೊದಲ ದಿನವೇ ಸಾಲಿನಲ್ಲಿ ನಿಂತನೆಂದುಕೊಳ್ಳಿ. ಎರಡನೇ ಡೋಸ್ ಸೆಪ್ಟೆಂಬರ್ 13ಕ್ಕೆ, ರೈಲು ಹತ್ತುವ ಅರ್ಹತೆ ಸೆಪ್ಟೆಂಬರ್ 27ಕ್ಕೆ. ನಿಯಮ ಬರೆದವರು ಕ್ಯಾಲೆಂಡರ್ ನೋಡಿದ್ದರೆ ಇದು ಯಾರನ್ನು ಹೊರಗಿಡುತ್ತದೆ ಎಂದು ಗೊತ್ತಾಗುತ್ತಿತ್ತು.

ಊರಿನ ಕಡೆಯ ಭಯವನ್ನು ನಾನು ಹಗುರ ಮಾಡುವುದಿಲ್ಲ. ಮಾರ್ಚ್ ಕೊನೆಗೆ ಮೂರೇ ಪ್ರಕರಣ ಕಂಡು ತಣ್ಣಗಾಗಿದ್ದ ಉಡುಪಿ ಜಿಲ್ಲೆ, ಮುಂಬೈಯಿಂದ ಜನ ಬರತೊಡಗಿದ ಮೇಲೆ ಜೂನ್ ಹೊತ್ತಿಗೆ ರಾಜ್ಯದಲ್ಲೇ ಅತಿ ಹೆಚ್ಚು ಪ್ರಕರಣಗಳ ಜಿಲ್ಲೆಗಳ ಸಾಲಿಗೆ ಬಂತು. ಕೆ.ಆರ್. ಪೇಟೆ, ಕಲಬುರಗಿ, ಯಾದಗಿರಿಯಲ್ಲೂ ಹಾಗೆಯೇ. ವಯಸ್ಸಾದ ತಂದೆತಾಯಿ ಇರುವ ಹಳ್ಳಿ, ದೂರದಲ್ಲಿ ಒಂದು ತಾಲೂಕು ಆಸ್ಪತ್ರೆ. ಹೆದರದೆ ಏನು ಮಾಡುತ್ತಾರೆ? ಆದರೆ ಪತ್ರಿಕೆ, ಟಿವಿಗಳಲ್ಲಿ ದಿನವೂ ಬಂದ 'ಮುಂಬೈ ನಂಟು' ಎಂಬ ತಲೆಬರಹ ವರ್ಷಗಟ್ಟಲೆ ಊರಿನ ದೈವಸ್ಥಾನಕ್ಕೆ, ಶಾಲೆಗೆ, ಮನೆಯ ಹಂಚಿಗೆ ದುಡ್ಡು ಕಳಿಸಿದವರನ್ನೇ ರೋಗದ ಹೆಸರಿನಿಂದ ಗುರುತಿಸಿತು. ಆ ನೋವು ಈಗಲೂ ಇಲ್ಲಿಯವರ ಮಾತಿನಲ್ಲಿ ಬರುತ್ತದೆ.

ಬಂದವರಲ್ಲಿ ಹೆಚ್ಚಿನವರಿಗೆ ಲಕ್ಷಣವೇ ಇರಲಿಲ್ಲ. ಪರೀಕ್ಷೆ ಮತ್ತು ಸಾಂಸ್ಥಿಕ ಕ್ವಾರಂಟೈನ್ ಅವರನ್ನು ಹಿಡಿಯಿತು, ಅಂದರೆ ವ್ಯವಸ್ಥೆ ಕೆಲಸ ಮಾಡಿತು. ಅದನ್ನೇ ಬಲಪಡಿಸಿ ದಿನಕ್ಕಿಷ್ಟು ಮಂದಿ ಎಂದು ಬರಗೊಟ್ಟಿದ್ದರೆ ಸಾಕಿತ್ತು. ನಿಪ್ಪಾಣಿಯಂಥ ಗಡಿ ನಾಕಾಗಳನ್ನು ಒಮ್ಮೆಲೇ ಮುಚ್ಚಿದ್ದರಿಂದ ಪಾಸ್ ಸಿಗದವರು ಕಳ್ಳದಾರಿ ಹುಡುಕಿದರು, ಕಳ್ಳದಾರಿಯಲ್ಲಿ ಬಂದವನು ಪರೀಕ್ಷೆಗೂ ಸಿಗುವುದಿಲ್ಲ.

ಯಾವಾಗ ಮುಚ್ಚಲೇಬೇಕು

'ಏನೇ ಆದರೂ ಮುಚ್ಚಬಾರದು' ಎನ್ನುವ ಹೊಟೇಲು ಮಿತ್ರರ ಜೊತೆ ನಾನು ಹೋಗಲಾರೆ. 2021ರ ಏಪ್ರಿಲ್ 4ರಂದು ಮುಂಬೈ ಒಂದರಲ್ಲೇ 11,163 ಹೊಸ ಪ್ರಕರಣ ದಾಖಲಾದವು. ಮಾಸ್ಕ್ ತೆಗೆದು, ಕಿಟಕಿ ಮುಚ್ಚಿದ ಎಸಿ ಕೋಣೆಯಲ್ಲಿ ಹತ್ತಿರ ಹತ್ತಿರ ಕೂತು ಮಾತಾಡುತ್ತ ಉಣ್ಣುವುದು ಗಾಳಿಯಲ್ಲಿ ಹರಡುವ ಸೋಂಕಿಗೆ ಅತ್ಯಂತ ಅನುಕೂಲದ ಜಾಗ. ಅಂಥ ವಾರಗಳಲ್ಲಿ ಮುಚ್ಚಿದ್ದು ಸರಿ. 2020 ಮತ್ತು 2021ರಲ್ಲಿ ಭಾರತದಲ್ಲಿ ಸುಮಾರು 47 ಲಕ್ಷ ಹೆಚ್ಚುವರಿ ಸಾವುಗಳಾದವು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಸರಕಾರ ಅದನ್ನು ಒಪ್ಪುವುದಿಲ್ಲ, ಅಧಿಕೃತ ಲೆಕ್ಕ ಐದು ಲಕ್ಷದೊಳಗೆ. ಯಾವ ಅಂಕಿ ಹಿಡಿದರೂ ಆಸ್ಪತ್ರೆಯಲ್ಲಿ ಹಾಸಿಗೆ ಉಳಿಸಲು ಮಾಡಿದ ತ್ಯಾಗ ವ್ಯರ್ಥವಾಗಿರಲಿಲ್ಲ.

ನನಗೆ ಒಪ್ಪಿಗೆಯಾಗದ್ದು ಅದರ ಆಚೀಚೆಯ ತಿಂಗಳುಗಳು. 2020ರ ಆಗಸ್ಟ್ 5ರಂದು ಮಾಲ್‌ಗಳು ತೆರೆದವು, ಹೊಟೇಲಿನಲ್ಲಿ ಕೂತು ಉಣ್ಣಲು ಅಕ್ಟೋಬರ್ 5ರವರೆಗೆ ಕಾಯಬೇಕಾಯಿತು. ನಾಲ್ಕೂ ಕಡೆ ಗಾಳಿಯಾಡುವ, ನಿಂತು ತಿನ್ನುವ ಸಣ್ಣ ಉಪಾಹಾರ ಗೃಹಕ್ಕೂ ನೆಲಮಾಳಿಗೆಯ ಬಾರಿಗೂ ಒಂದೇ ನಿಯಮ. ಅಪಾಯ ಹೆಚ್ಚಿರುವಲ್ಲಿ ಬಿಗಿ, ಕಡಿಮೆಯಿರುವಲ್ಲಿ ಸಡಿಲ ಎಂಬ ವಿವೇಚನೆ ಇದ್ದಿದ್ದರೆ ಎಷ್ಟೋ ಹೊಟೇಲುಗಳ ಉಸಿರು ನಿಲ್ಲುತ್ತಿರಲಿಲ್ಲ.

ತಕ್ಕಡಿಯ ಆರೋಗ್ಯದ ತಟ್ಟೆಯಲ್ಲೂ ಎಲ್ಲವನ್ನೂ ಇಟ್ಟಿರಲಿಲ್ಲ. ದೇಶದಲ್ಲಿ 2019ರಲ್ಲಿ ಸುಮಾರು 24 ಲಕ್ಷ ಕ್ಷಯರೋಗಿಗಳು ದಾಖಲಾಗಿದ್ದರು, 2020ರಲ್ಲಿ ಅದು 18 ಲಕ್ಷಕ್ಕೆ ಇಳಿಯಿತು. ರೋಗ ಇಳಿದಿರಲಿಲ್ಲ, ಹುಡುಕುವುದು ನಿಂತಿತ್ತು. ಔಷಧಕ್ಕೆ ಬಗ್ಗದ ಕ್ಷಯ ಮೊದಲೇ ಬೇರೂರಿದ ಮುಂಬೈಗೆ ಇದರ ಅರ್ಥ ಚೆನ್ನಾಗಿ ಗೊತ್ತು. ಶಾಲೆಗಳ ವಿಷಯವೂ ಅಷ್ಟೆ. ಮುಂಬೈಯಲ್ಲಿ ಎಂಟನೆಯ ತರಗತಿಯಿಂದ ಮೇಲಿನವರಿಗೆ ಶಾಲೆ ತೆರೆದದ್ದು 2021ರ ಅಕ್ಟೋಬರ್ 4ಕ್ಕೆ. ಪಾಲಿಕೆಯ ಕನ್ನಡ ಶಾಲೆಯ ಮಕ್ಕಳ ಮನೆಯಲ್ಲಿ ಇರುವುದು ಒಂದೇ ಫೋನು, ಅದೂ ಕೆಲಸಕ್ಕೆ ಹೋಗುವ ಅಪ್ಪನ ಜೇಬಿನಲ್ಲಿ.

ಕಾನೂನಿನಲ್ಲಿ ದಾರಿ ಇದೆ

ಈ ಎಲ್ಲ ಆದೇಶಗಳ ಬೆನ್ನಿಗಿದ್ದ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಹುಟ್ಟಿದ್ದೇ ಈ ನಗರದ ಸಂಕಟದಿಂದ. 1896ರ ಸೆಪ್ಟೆಂಬರ್‌ನಲ್ಲಿ ಮಾಂಡವಿಯಲ್ಲಿ ಗೋವಾ ಮೂಲದ ಡಾ. ಅಕಾಸಿಯೊ ವೀಗಸ್ ಪ್ಲೇಗನ್ನು ಗುರುತಿಸಿದರು. ಕೆಲವೇ ತಿಂಗಳಲ್ಲಿ ಊರಿನ ಅರ್ಧದಷ್ಟು ಜನ ಓಡಿಹೋದರು. ರೋಗಕ್ಕೆ ಎಷ್ಟೋ, ಮನೆಗೆ ನುಗ್ಗಿ ಎಳೆದೊಯ್ಯುವ ತಪಾಸಣೆಗೂ ಅಷ್ಟೇ ಹೆದರಿ. ಪುಣೆಯಲ್ಲಿ ಆ ತಪಾಸಣೆಯ ಕ್ರೌರ್ಯವೇ 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸುವವರೆಗೆ ಹೋಯಿತು. ನಾಲ್ಕೇ ಕಲಮುಗಳಿದ್ದ ಆ ಕಾಯಿದೆ ಸರಕಾರಕ್ಕೆ ಅಪಾರ ಅಧಿಕಾರ ಕೊಟ್ಟಿತು. ಪರಿಹಾರದ ಪ್ರಸ್ತಾಪವೂ ಅದರ ಎರಡನೇ ಕಲಮಿನಲ್ಲಿದೆ: ಖರ್ಚನ್ನು, ಪರಿಹಾರವೇನಾದರೂ ಇದ್ದರೆ ಅದನ್ನೂ, ಯಾರು ಭರಿಸಬೇಕೆಂದು ಸರಕಾರ ನಿರ್ಧರಿಸಬಹುದು. ಕೊಡಲೇಬೇಕು ಎಂದಿಲ್ಲ.

2005ರ ವಿಪತ್ತು ನಿರ್ವಹಣಾ ಕಾಯಿದೆ ಇನ್ನೂ ಮುಂದೆ ಹೋಗುತ್ತದೆ. ಅದರ 12ನೇ ಕಲಮು ಪರಿಹಾರದ ಕನಿಷ್ಠ ಮಟ್ಟ ಹೇಗಿರಬೇಕೆಂದು ಹೇಳುವಾಗ ಜೀವಹಾನಿಯ ನೆರವಿನ ಜೊತೆಗೆ ಜೀವನೋಪಾಯವನ್ನು ಮತ್ತೆ ಕಟ್ಟಿಕೊಳ್ಳುವ ನೆರವನ್ನೂ ಹೆಸರಿಸುತ್ತದೆ. 2021ರ ಜೂನ್ 30ರಂದು ಸುಪ್ರೀಂ ಕೋರ್ಟ್ ಇದೇ ಕಲಮಿನ ಆಧಾರದ ಮೇಲೆ ಕೋವಿಡ್ ಸಾವಿಗೆ ಪರಿಹಾರ ನಿಗದಿ ಮಾಡಿ ಎಂದಿತು, ಆಮೇಲೆ 50,000 ರೂಪಾಯಿ ನಿಗದಿಯಾಯಿತು. ಕಲಮಿನ ಮೊದಲ ಅರ್ಧ ಜಾರಿಗೆ ಬಂತು. ಉಳಿದರ್ಧ ಜೀವ ಉಳಿದು ಜೀವನ ಮುರಿದವರದ್ದು. ಅದು ಪುಸ್ತಕದಲ್ಲೇ ಇದೆ.

ದುಡ್ಡೆಲ್ಲಿ ಎಂದು ಕೇಳುವವರಿಗೆ ಒಂದು ಲೆಕ್ಕ ಇಡುತ್ತೇನೆ. ಮುಚ್ಚಿಸಿದ ಹೊಟೇಲುಗಳ ಒಂದು ಲಕ್ಷ ಕಾರ್ಮಿಕರಿಗೆ ತಿಂಗಳಿಗೆ 5,000 ರೂಪಾಯಿಯಂತೆ ಮೂರು ತಿಂಗಳು ಕೊಟ್ಟರೆ 150 ಕೋಟಿ ರೂಪಾಯಿ. 2020-21ರ ಮುಂಬೈ ಪಾಲಿಕೆಯ ಬಜೆಟ್ 33,441 ಕೋಟಿ. ಅರ್ಧ ಶೇಕಡಾಕ್ಕಿಂತ ಕಡಿಮೆ. ಕರ್ನಾಟಕ 2020ರ ಮೇ ತಿಂಗಳಲ್ಲೇ ಆಟೊ, ಟ್ಯಾಕ್ಸಿ ಚಾಲಕರು, ಕ್ಷೌರಿಕರು, ಮಡಿವಾಳರಿಗೆ ತಲಾ 5,000 ರೂಪಾಯಿ ಘೋಷಿಸಿತ್ತು. ಕೆಲಸದ ಹೆಸರು ಹಿಡಿದು ಕೊಡಲು ಬರುವುದಿಲ್ಲ ಎನ್ನಲಾಗದು.

ನಿಜವಾದ ಅಡ್ಡಿ ಪಟ್ಟಿಯದ್ದು. 2020ರಲ್ಲಿ ಹೊಟೇಲು ಕಾರ್ಮಿಕರು ಎಷ್ಟು, ಯಾರು ಎಂಬ ದಾಖಲೆ ಸರಕಾರದ ಕೈಯಲ್ಲಿರಲಿಲ್ಲ. ಕೆಲಸ ಹೋದವರಿಗೆ ನೌಕರರ ರಾಜ್ಯ ವಿಮಾ ನಿಗಮ (ಇಎಸ್‌ಐ) ತನ್ನ ಯೋಜನೆಯಲ್ಲಿ ಅರ್ಧ ಸಂಬಳವನ್ನು 90 ದಿನದವರೆಗೆ ಕೊಟ್ಟಿತು, ಆದರೆ ಅದು ನೋಂದಣಿ ಇದ್ದವರಿಗೆ. ಖರ್ಚು ಉಳಿಸಲೆಂದು ಹುಡುಗರ ಹೆಸರನ್ನು ಇಎಸ್‌ಐಗೆ ಬರೆಸದ ಧಣಿಗಳು ನಮ್ಮವರಲ್ಲೇ ಇದ್ದಾರೆ ಎಂಬುದನ್ನು ಇಲ್ಲಿ ಹೇಳದೆ ಬಿಟ್ಟರೆ ಲೇಖನ ಅಪ್ರಾಮಾಣಿಕವಾಗುತ್ತದೆ. ರೇಷನ್ ಕಾರ್ಡಿನದ್ದೂ ಅದೇ ಕತೆ. ಒಂದು ದೇಶ ಒಂದು ರೇಷನ್ ಕಾರ್ಡ್ ವ್ಯವಸ್ಥೆಗೆ ಕರ್ನಾಟಕ, ಮಹಾರಾಷ್ಟ್ರ ಎರಡೂ 2020ರ ಜನವರಿಯಲ್ಲೇ ಸೇರಿದ್ದವು. ಊರಿನ ಕಾರ್ಡಿನಲ್ಲಿ ತನ್ನ ಪಾಲಿನ ಅಕ್ಕಿಯನ್ನು ಮುಂಬೈಯಲ್ಲೇ ಪಡೆಯಬಹುದೆಂದು ಎಷ್ಟು ಹುಡುಗರಿಗೆ ಗೊತ್ತಿತ್ತು?

2021ರ ಆಗಸ್ಟ್ 26ರಿಂದ ಇ-ಶ್ರಮ್ ಪೋರ್ಟಲ್ ಇದೆ. ಆಧಾರ್ ಮತ್ತು ಬ್ಯಾಂಕ್ ಖಾತೆ ಜೋಡಿಸಿ, ಮಾಡುವ ಕೆಲಸವನ್ನೂ ಬರೆಸಿ ಅಸಂಘಟಿತ ಕಾರ್ಮಿಕ ಹೆಸರು ನೋಂದಾಯಿಸಬಹುದು. ಇಷ್ಟರಲ್ಲೇ ಕೋಟಿಗಟ್ಟಲೆ ಹೆಸರುಗಳಿವೆ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಹೊಟೇಲಿನಲ್ಲಿ ಇಎಸ್‌ಐ, ಅದಕ್ಕಿಂತ ಸಣ್ಣದರಲ್ಲಿ ಇ-ಶ್ರಮ್ ಇಲ್ಲದ ಒಬ್ಬನೂ ಉಳಿಯದಂತೆ ಮಾಡುವ ಕೆಲಸವನ್ನು ಹೊಟೇಲು ಮಾಲಕರ ಸಂಘಟನೆ ಮತ್ತು ನಮ್ಮ ಜಾತಿ, ಭಾಷೆಯ ಸಂಘಗಳು ಈ ವರ್ಷವೇ ಎತ್ತಿಕೊಳ್ಳಬಹುದು. ಸಂಘದ ಸಭಾಗೃಹದಲ್ಲಿ ಒಂದು ಕಂಪ್ಯೂಟರ್, ಮಧ್ಯಾಹ್ನ ಮೂರರಿಂದ ಐದರವರೆಗೆ ಇಬ್ಬರು ವಿದ್ಯಾರ್ಥಿಗಳು, ಅಷ್ಟು ಸಾಕು. ಸಪ್ಲಯರ್‌ಗಳಿಗೆ ಬಿಡುವಾಗುವುದೂ ಅದೇ ಹೊತ್ತಿಗೆ.